ಹದಿನೇಳನೇ ಬಿಲ್ಲೆ

ಆ ಭಾನುವಾರ ಸಂಜೆ ಐದಕ್ಕೆ ನದಿಯ ಕವಲಿನ ಗೇಟು ಹಾಕಿ ಬೀಗ ಜಡಿದರು. ಅತ್ತಿಗೆ ಇನ್ನೂ ಒಳಗೆ, ನೀರಿನ ಮೇಲಿದ್ದಳು.

ಮೂರನೇ ದಿನ ಜೊಂಡಿನ ಅಂಚಿನಲ್ಲಿ ಸಿಕ್ಕಳು. ಅವಳು ಕೂತು ಹೋಗಿದ್ದ ಕೆಂಪು ಕಯಾಕ್ ದೋಣಿ ಸಿಗಲಿಲ್ಲ. ಯಾರೂ ಹುಡುಕಲೂ ಇಲ್ಲ.

ತಿಂಗಳು ಕಳೆದು, ಈಗ ಅದೇ ಗೇಟಿನೊಳಗೆ ಒಂದು ಹಳದಿ ಕಯಾಕ್‌ನಲ್ಲಿ ನಾದಿನಿ ಕೂತಿದ್ದಳು. ಗೇಟು ಹಾಕಿದ್ದ ದೋಣಿ ಕ್ಲಬ್ಬಿನ ಗೈಡು ಅವಳು. ರಜೆಗೆ ಬಂದವರನ್ನು ಕೊಲ್ಲಿಯಿಂದ ನದಿಗೆ, ನದಿಯಿಂದ ಈ ಕವಲಿಗೆ ಕರೆತಂದು ಹಕ್ಕಿ ತೋರಿಸುವುದು ಅವಳ ಕೆಲಸ. ಇವತ್ತು ಅತಿಥಿಗಳಿರಲಿಲ್ಲ. ಎದುರಿಗೆ ಎರಡಾಳೆತ್ತರದ ಕಬ್ಬಿಣದ ಸರಳು, ಮೇಲೆ ಚೂಪು ಮೊನೆ. ಎರಡೂ ದಡದಲ್ಲಿ ತೊಡೆಯಾಳದ ಕೆಸರು. ಗೇಟಿನ ಸರಪಳಿಗೆ ಅಂಗೈಯಗಲದ ಬೀಗ, ಅದರ ಬೆನ್ನು ಹೊರಗಿನವರ ಕಡೆಗೆ.

ಹೊರಗೆ, ಗೇಟಿಗೆ ತಾಗಿದ ಜೆಟ್ಟಿಯ ಹಲಗೆಗಳ ಮೇಲೆ ಕ್ಲಬ್ಬಿನ ಮ್ಯಾನೇಜರು ನಿಂತಿದ್ದ.

"ನೀರು ಇಳೀತಾ ಇದೆ ತಂಗಿ. ಇನ್ನೊಂದು ಗಂಟೆ ಅಷ್ಟೆ. ಆಮೇಲೆ ಬರ್ತೀನಿ ಅಂದ್ರೂ ಬರೋಕಾಗಲ್ಲ. ಉಬ್ಬರ ಬರೋವರೆಗೆ ಕೆಸರಲ್ಲೇ."

"ಅತ್ತಿಗೆಗೂ ಹೀಗೆ ಯಾರಾದ್ರೂ ಬಂದು ಹೇಳಿದ್ರಾ?"

"ಮತ್ತೆ ಅದೇ ರಾಗ."

ಅವನು ಸರಳಿನ ಸಂದಿಯಿಂದ ಒಂದು ಕಾಗದ ತೂರಿಸಿದ. ಮೃತಳು ಯಾರಿಗೂ ತಿಳಿಸದೆ, ಕೆಲಸದ ವೇಳೆ ಮುಗಿದ ಮೇಲೆ ದೋಣಿ ಒಯ್ದಿದ್ದಳು ಎಂದು ಅದರಲ್ಲಿ ಟೈಪಾಗಿತ್ತು. ಕೆಳಗೆ ನಾದಿನಿಯ ಹೆಸರು, ಮುಂದೆ ಖಾಲಿ ಗೆರೆ.

"ಸಹಿ ಹಾಕು. ಹತ್ತು ನಿಮಿಷದಲ್ಲಿ ಮನೇಲಿರ್ತೀಯ. ನಾನೇನು ರಾಕ್ಷಸನಾ?"

"ಸರಳಿನ ಈ ಕಡೆಯಿಂದ ಗೊತ್ತಾಗಲ್ಲ ಸಾರ್."

ಸೀಟಿನ ಕೆಳಗೆ ನೀರು ಒಸರುತ್ತಿತ್ತು. ಅವಳು ಕಾಗದವನ್ನು ಮಡಚಿ ಅಲ್ಲಿಗೆ ತುರುಕಿದಳು.

ಮ್ಯಾನೇಜರನ ಹಿಂದೆ ಕಾವಲುಗಾರ ತಲೆ ತಗ್ಗಿಸಿ ನಿಂತಿದ್ದ. ನಡೆದರೆ ಕೀಲಿಗೊಂಚಲಿನಿಂದ ಗಲಗಲ ಎನ್ನುತ್ತಿದ್ದ ಅವನ ಸೊಂಟ ಇವತ್ತು ಸದ್ದು ಮಾಡುತ್ತಿರಲಿಲ್ಲ. ಜೆಟ್ಟಿಯ ಕೆಳಗೆ ಚಪ್ಪಟೆ ದೋಣಿಯಲ್ಲಿ ಇಬ್ಬರು ಆಳುಗಳು, ಹಗ್ಗ, ಒಂದು ದೊಡ್ಡ ಕೊಕ್ಕೆ.

ಕ್ಲಬ್ಬಿನಲ್ಲಿ ಒಂದು ಹಲಗೆ ಇತ್ತು. ಅದರ ಮೇಲೆ ಮೂವತ್ತು ಮೊಳೆ, ನಂಬರು ಕೊರೆದ ಮೂವತ್ತು ತಗಡಿನ ಬಿಲ್ಲೆ. ನೀರಿಗಿಳಿಯುವವರು ಬಿಲ್ಲೆ ತೆಗೆದು ಕಯಾಕ್‌ನ ಮೂತಿಯ ಬಳೆಗೆ ಸಿಕ್ಕಿಸಬೇಕು. ವಾಪಸು ಬಂದರೆ ಮೊಳೆಗೆ. ಮೊಳೆ ಖಾಲಿ ಇದ್ದರೆ ಮನುಷ್ಯರು ನೀರಿನಲ್ಲಿದ್ದಾರೆ ಎಂದರ್ಥ. ಆದರೆ ಅತಿಥಿಗಳು ಮರೆತು ಬಿಲ್ಲೆ ಜೇಬಿಗಿಳಿಸಿ ಊರಿಗೆ ಹೋಗುವುದು ವಾರಕ್ಕೊಮ್ಮೆಯಾದರೂ ಆಗುತ್ತಿತ್ತು.

ಅತ್ತಿಗೆ ಅಲ್ಲಿ ದೋಣಿ ತೊಳೆಯುತ್ತಿದ್ದಳು. ಭಾನುವಾರ ನಾಲ್ಕರ ಮೇಲೆ ಕೆಲಸದವರೂ ಒಂದು ಗಂಟೆ ದೋಣಿ ಒಯ್ಯಬಹುದು ಎಂಬುದು ಕ್ಲಬ್ಬಿನದೇ ನಿಯಮ. "ಆರು ದಿನ ಇವುಗಳ ಅಂಡು ತೊಳೀತೀನಿ, ಒಂದು ದಿನ ನಂದನ್ನೂ ಹೊತ್ಕೊಂಡು ತಿರುಗಲಿ," ಎಂದು ನಗುತ್ತಿದ್ದಳು.

ಆ ಸಂಜೆ ಕಾವಲುಗಾರ, "ಹದಿನೇಳು ಖಾಲಿ ಇದೆ ಸಾರ್," ಎಂದಿದ್ದ. "ಯಾರೋ ಜೇಬಲ್ಲಿ ಹಾಕ್ಕೊಂಡು ಹೋಗಿರ್ತಾರೆ, ಹಾಕಯ್ಯಾ ಗೇಟು," ಎಂದಿದ್ದ ಮ್ಯಾನೇಜರು. ಕಾವಲುಗಾರ ಇದನ್ನು ಹೇಳಿಕೊಂಡು ಅತ್ತದ್ದು ನಾದಿನಿಯ ಮುಂದೆ ಮಾತ್ರ.

ಹೆಣ ಸಿಕ್ಕ ಮಾರನೆಯ ಬೆಳಿಗ್ಗೆ ಮೊಳೆಯಲ್ಲಿ ಹದಿನೇಳು ತೂಗುತ್ತಿತ್ತು. ಮಿಕ್ಕವು ಉಪ್ಪು ತಿಂದು ಕಪ್ಪಾಗಿದ್ದವು. ಅದು ಮಾತ್ರ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಬಿಲ್ಲೆ ಮುಟ್ಟದೆ, ಕದ್ದು ಹೋದಳು ಎಂದರು ಕ್ಲಬ್ಬಿನವರು.

ಮ್ಯಾನೇಜರನ ಫೋನು ಬಡಿದುಕೊಂಡಿತು. "ಇನ್ನೂ ಸೇತುವೆ ಹತ್ರಾನೇನೋ? ಕಟರ್ ದೊಡ್ಡದೇ ತಂದಿದೀಯ ತಾನೆ? ಬೇಗ ಬಾ!" ಅವನು ಗಡಿಯಾರ ನೋಡಿದ. ಹನ್ನೊಂದೂಕಾಲು. ಹನ್ನೆರಡಕ್ಕೆ ಸಾವಿನ ತನಿಖಾಧಿಕಾರಿ ಬರಬೇಕಿತ್ತು.

ಕಯಾಕ್‌ನ ತಳ ಕೆಸರಿಗೆ ತಾಗಿ ಸಣ್ಣಗೆ ನರಳಿತು. ಬಿಸಿಲು ನೆತ್ತಿಗೇರಿತ್ತು. ಬಾಟಲಿಯಲ್ಲಿ ಒಂದು ಗುಟುಕು ಉಳಿದಿತ್ತು. ಅತ್ತಿಗೆಯೂ ಇಲ್ಲೇ ಹೀಗೇ ಸರಳು ಹಿಡಿದು ಕೂಗಿರಬೇಕು, ಕತ್ತಲಾದ ಮೇಲೆ ಇಳಿದು ನಡೆಯಲು ನೋಡಿರಬೇಕು. ನಾದಿನಿ ಸರಳು ಹಿಡಿಯಲಿಲ್ಲ. ಕೂಗಲಿಲ್ಲ.

"ಹಟ ಮಾಡಬೇಡ," ಮ್ಯಾನೇಜರನ ದನಿ ಬಿರಿಯಿತು. "ನೀನು ಒಳಗಿದ್ದು ಸಾಧಿಸೋದೇನು? ಸುಟ್ಟುಹೋಗ್ತೀಯ ಅಷ್ಟೆ."

"ನಿಮಗ್ಯಾಕೆ ಬೆವರು ಸಾರ್, ನೆರಳಲ್ಲಿ ನಿಂತು?"

ಆಗ ಅವನ ಕಣ್ಣು ಅವಳ ಹೆಗಲಿನಾಚೆಗೆ ಹೋಗಿ ಅಲ್ಲೇ ನಿಂತಿತು.

ಎರಡು ಮಾರು ಹಿಂದೆ, ಇಳಿಯುವ ನೀರಿನೊಳಗಿಂದ ಒಂದು ಕೆಂಪು ಮೂತಿ ಏಳುತ್ತಿತ್ತು. ಅದು ಗೇಟಿನ ಕಡೆಗೇ ಮುಖ ಮಾಡಿತ್ತು. ಬಳೆಯಲ್ಲಿ ಕಪ್ಪು ತಗಡಿನ ಬಿಲ್ಲೆಯೊಂದು ಅಂಟಿಕೊಂಡಿತ್ತು. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಇಳಿತಕ್ಕೆ ಮಾತ್ರ ಅಲ್ಲಿ ತಳ ಕಾಣುತ್ತದೆ. ಹೋದ ಹುಣ್ಣಿಮೆಗೆ ಅವಳು ಅದರ ತುದಿ ನೋಡಿದ್ದಳು. ನೋಡಿದ್ದನ್ನು ಆಫೀಸಿನಲ್ಲಿ ಹೇಳಿದ್ದಳು. ಹೇಳಬಾರದಿತ್ತು.

ಇವತ್ತು ಅಮಾವಾಸ್ಯೆ.

"ಅದು ಕ್ಲಬ್ಬಿನ ಸೊತ್ತು," ಎಂದ ಮ್ಯಾನೇಜರು. ಚಪ್ಪಟೆ ದೋಣಿಯವರು ಕೊಕ್ಕೆ ಎತ್ತಿಕೊಂಡು ಅವನ ಮುಖ ನೋಡಿದರು. ಗೇಟಿನ ಬಳಿ ಇನ್ನು ಗೇಣಾಳದ ನೀರಷ್ಟೇ ಇತ್ತು. ಅದು ಹೋದರೆ ದೋಣಿ ಒಳಗೆ ಬರುವಂತಿರಲಿಲ್ಲ, ಹೊರಗೆ ಹೋಗುವಂತಿರಲಿಲ್ಲ.

ರಸ್ತೆಯ ತಿರುವಿನಲ್ಲಿ ಜೀಪಿನ ಸದ್ದು ಕೇಳಿತು. ಕಾವಲುಗಾರ ಮೊದಲ ಸಲ ತಲೆ ಎತ್ತಿದ.

ಮ್ಯಾನೇಜರು ಜೆಟ್ಟಿಯ ಮೇಲೆ ಮಂಡಿಯೂರಿದ. ಸರಳಿಗೆ ಹಣೆ ತಾಗಿಸಿ, ಕೈ ಮುಗಿದ.

"ದಮ್ಮಯ್ಯ ಅಂತೀನಿ ತಾಯಿ. ಬೀಗ ತೆಗಿ."

ಬೆಳಗಿನ ಉಬ್ಬರದಲ್ಲಿ ತಾನೇ ಒಳಗಿನಿಂದ ಜಡಿದಿದ್ದ ಬೀಗದ ಕೀಲಿಯನ್ನು ಅವಳು ಜಾಕೆಟ್ಟಿನೊಳಗೆ ಒಮ್ಮೆ ಮುಟ್ಟಿ ನೋಡಿಕೊಂಡು, "ತೆಗೆಯಲ್ಲ," ಎಂದಳು.