ಯಂಕಪ್ಪನ ತಾಟು

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಸತ್ತವರು ತಾವೇ ಊಟಕ್ಕೆ ಬರತೊಡಗಿ ಒಂಬತ್ತು ವರ್ಷವಾಗಿತ್ತು. ಊರಿಗೆ ಊರೇ ಅದಕ್ಕೆ ಒಗ್ಗಿಹೋಗಿತ್ತು. ಆ ದಿನ ಶಾಲೆಗೆ ರಜೆ, ರೇಷನ್ ಅಂಗಡಿಯಲ್ಲಿ ಎರಡು ಕಿಲೋ ಅಕ್ಕಿ ಜಾಸ್ತಿ.

ಯಾರ ಹೆಸರು ಹಿಡಿದು ಎಡೆ ಹಾಕುತ್ತಾರೋ ಅವರು ಮಾತ್ರ ಬರುತ್ತಿದ್ದರು. ದ್ಯಾಮವ್ವ ವರ್ಷವೂ ಅಪ್ಪನಿಗೆ, ಅವ್ವನಿಗೆ ಹಾಕುತ್ತಿದ್ದಳು. ಏಡ್ಸ್ ಬಂದು ಸತ್ತ ತಮ್ಮ ಯಂಕಪ್ಪನಿಗೆ, ಓಣಿಯವರ ಬಾಯಿಗೆ ಅಂಜಿ ಹಾಕಿರಲಿಲ್ಲ. ಈ ಸಲ ಹಾಕಿದಳು.

ಅವನು ಬಂದ. ಆದರೆ ಬಾಗಿಲು ದಾಟಿ ಒಳಗೆ ಬರದೆ ನೇರವಾಗಿ ಹಿತ್ತಲಿಗೆ ಹೋಗಿ, ಗೋಡೆಯ ಗೂಡಿನಲ್ಲಿ ಕೈಯಾಡಿಸಿದ.

"ಅಕ್ಕಾ, ನನ್ನ ತಾಟ ಕಾಣವಲ್ದಲ್ಲ?"

ಅವನಿಗೆಂದೇ ಬೇರೆ ಇಟ್ಟಿದ್ದ ಆ ತಗ್ಗುಬಿದ್ದ ಅಲ್ಯೂಮಿನಿಯಂ ತಾಟನ್ನು, ಅವನು ಸತ್ತ ದಿನವೇ ಹಾಸಿಗೆಯ ಜೊತೆ ಊರಾಚೆ ಎಸೆದುಬಂದಿದ್ದರು.

"ಒಳಗ ಬಾರೋ ತಮ್ಮಾ. ಅಪ್ಪನ ಮಗ್ಗಲಕ್ಕ ನಿನಗೂ ಸ್ಟೀಲಿನ ತಾಟ ಇಟ್ಟೀನಿ."

"ಬ್ಯಾಡಕ್ಕಾ, ಒಳಗ ಸಣ್ಣ ಹುಡುಗ್ರು ಅದಾರ."

ಅದು ಒಂದು ಕಾಲಕ್ಕೆ ಅವಳೇ ಆಡಿದ್ದ ಮಾತು. ಆ ಹುಡುಗರಿಗೆ ಈಗ ಮಕ್ಕಳಾಗಿವೆ.

ಯಂಕಪ್ಪ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತು ಬೊಗಸೆಯೊಡ್ಡಿದ. ದ್ಯಾಮವ್ವ ಹುಗ್ಗಿಯ ಪಾತ್ರೆ ತಂದಳು. ಇವತ್ತು ಅವನ ಕೈ ಹಿಡಿದೇ ಬಡಿಸಬೇಕೆಂದು ಗಟ್ಟಿ ಮನಸ್ಸು ಮಾಡಿ, ಸೌಟು ತುಂಬಿ ಬಾಗಿದಳು. ಬೊಗಸೆ ಹತ್ತಿರವಾಗುತ್ತಲೇ ಅವಳ ಕೈ, ಅವಳನ್ನು ಕೇಳದೆ, ಮೊಳದಷ್ಟು ಮೇಲೆದ್ದಿತು.

"ಹಾಂ," ಎಂದು ಯಂಕಪ್ಪ ನಿರಾಳವಾಗಿ ನಕ್ಕ. "ಈಗ ಮನಿಗೆ ಬಂದಂಗಾತ ನೋಡಕ್ಕಾ."