ಅತಿಥಿ ತಂದ ಒಣಮೀನು

ನಾರ್ವೆಯಿಂದ ಮನೆಗೆ ಬಂದಿಳಿದ ಆಸ್ಟ್ರಿಡ್ ಸೂಟ್‌ಕೇಸ್ ತೆರೆದು, ಬಟ್ಟೆಯಲ್ಲಿ ಸುತ್ತಿದ್ದ ಎರಡು ಒಣಮೀನುಗಳನ್ನು ಮೈತ್ರೇಯಿಯ ಕೈಗಿತ್ತರು. "ನಿನ್ನ ತಾಯಿಗೆ. ನನ್ನ ಮಗ ಹಿಡಿದದ್ದು," ಎಂದರು ಇಂಗ್ಲಿಷಿನಲ್ಲಿ.

ಮೈತ್ರೇಯಿ ಅಡುಗೆಮನೆಯತ್ತ ತಿರುಗಿ ನೋಡಿದಳು. ನಾರ್ವೆಯ ಉತ್ತರ ಕರಾವಳಿಯ ಜನ ಕಡಲನ್ನು ಬರಿದು ಮಾಡದೆ ಹೇಗೆ ಬದುಕುತ್ತಾರೆಂದು ಅಧ್ಯಯನ ಮಾಡಲು ಹೋದವಳು, ಇಡೀ ಚಳಿಗಾಲ ಈ ಆಸ್ಟ್ರಿಡ್ ಮನೆಯಲ್ಲೇ ಉಳಿದಿದ್ದಳು. ತಾನು ಸಸ್ಯಾಹಾರಿ ಎಂದು ಹೇಳಿದ್ದಳು. ಆದರೆ ಮನೆಯವರು ಯಾರೂ ಮೀನು ಮುಟ್ಟುವುದಿಲ್ಲ ಎಂದರೆ ಆ ಮೀನುಗಾರರು ತನ್ನೊಡನೆ ಮನಬಿಚ್ಚಿ ಮಾತಾಡಲಾರರೆಂದು ಅಂಜಿ, "ನಮ್ಮಮ್ಮನಿಗೆ ಮೀನೆಂದರೆ ಪ್ರಾಣ" ಎಂದುಬಿಟ್ಟಿದ್ದಳು.

"ಏನೇ ಅದು, ಒಂಥರಾ ವಾಸನೆ?" ಅಡುಗೆಮನೆಯಿಂದ ಅಮ್ಮ ರಮಾಮಣಿ ಕೇಳಿದರು.

"ಯಾವ್ದೋ ಬೇರಂತೆ ಕಣಮ್ಮ. ಔಷಧಿಗೆ."

ಮರುದಿನ ಬೆಳಿಗ್ಗೆ ಶ್ರೀರಾಂಪುರದ ಅವರ ಬೀದಿಗೆ ಕಸದ ಗಾಡಿ ಬಂತು. ಮೈತ್ರೇಯಿ ಪೇಪರಿನಲ್ಲಿ ಸುತ್ತಿದ್ದ ಪೊಟ್ಟಣವನ್ನು ಬೇಗ ಬೇಗ ಕೊಟ್ಟಳು. ಗಾಡಿಯ ಮಹದೇವು ಬಿಚ್ಚಿ ನೋಡಿದ.

"ಅಯ್ಯೋ, ಒಣಮೀನು ಕಣಕ್ಕ! ನಿಮ್ಮನೇಲಿ ಎಂಗೆ ಬಂತು?"

"ಮೆಲ್ಲಗೆ ಮಾತಾಡಿ ಮಹದೇವು. ನೀವೇ ತಗೊಂಡ್ಹೋಗ್ಬುಡಿ."

ತಿರುಗಿದರೆ ಗೇಟಿನ ಬಳಿ ಕಾಫಿ ಲೋಟ ಹಿಡಿದ ಆಸ್ಟ್ರಿಡ್. ಅವರ ಹಿಂದೆ ಅಮ್ಮ.

"ಮೀನು ಅಂದಿದ್ರೆ ನಾನೇನು ಅವರನ್ನ ಆಚೆ ಕಳಿಸ್ತಿದ್ನೇನೇ?" ರಮಾಮಣಿ ಕೇಳಿದರು. "ಅಷ್ಟು ದೂರದಿಂದ ಹೊತ್ತು ತಂದಿದಾರೆ. ಕಸಕ್ಕೆ ಹಾಕ್ಬುಟ್ಯಲ್ಲ!"

ಮೈತ್ರೇಯಿ ತಲೆ ತಗ್ಗಿಸಿ ಆಸ್ಟ್ರಿಡ್‌ಗೆ ಎಲ್ಲವನ್ನೂ ಹೇಳಿದಳು. ಕ್ಷಮಿಸಿ ಎಂದಳು. ಆಸ್ಟ್ರಿಡ್ ಮಹದೇವುವಿನ ಕೈಯಲ್ಲಿದ್ದ ಮೀನನ್ನು ಒಂದು ಗಳಿಗೆ ನೋಡಿ, ಇರಲಿ ಎಂಬಂತೆ ಅವನಿಗೆ ತಲೆಯಾಡಿಸಿದರು.

"ಮೊದಲೇ ಹೇಳಿದ್ದರೆ ತರುತ್ತಲೇ ಇರಲಿಲ್ಲ," ಎಂದರು. "ನೀನು ಬಂದ ದಿನವೇ ನಮ್ಮ ಅಡುಗೆಯ ವಾಸನೆಗೆ ಮೂಗು ಮುಚ್ಚಿಕೊಂಡದ್ದನ್ನು ನೋಡಿದ್ದೆ. ಆಮೇಲೆ ನೀನು ಹೊರಡುವವರೆಗೂ ನಾವು ಮನೆಯೊಳಗೆ ಮೀನು ಬೇಯಿಸಲಿಲ್ಲ. ದೋಣಿ ನಿಲ್ಲಿಸುವ ಕೊಟ್ಟಿಗೆಯಲ್ಲಿ ಬೇಯಿಸಿ, ಅಲ್ಲೇ ಚಳಿಯಲ್ಲಿ ನಿಂತು ತಿಂದು ಬರುತ್ತಿದ್ದೆವು."

ನಾರ್ವೆಯ ಆ ಅಧ್ಯಯನದ ಬಗ್ಗೆ ಮೈತ್ರೇಯಿ ಬರೆದ ಪ್ರಬಂಧಕ್ಕೆ ಹೋದ ತಿಂಗಳಷ್ಟೇ ಬಹುಮಾನ ಬಂದಿತ್ತು. ಎಲ್ಲರೂ ಬಹಳ ಮೆಚ್ಚಿಕೊಂಡದ್ದು ಅದರ ಒಂದು ಮಾತನ್ನು: 'ಉತ್ತರದ ಮೀನುಗಾರರ ಮನೆಗಳಲ್ಲೇ ಈಗ ಮೀನಿನ ಅಡುಗೆ ನಿಂತುಹೋಗುತ್ತಿದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.'