ಬಸಯ್ಯನ ಸೀಮೆ

“ನಿಲ್ಲಸ ನಿಲ್ಲಸ! ಇನ್ನ ಮುಂದ ಒಂದ ಹೆಜ್ಜಿನೂ ಬ್ಯಾಡ,” ಎಂದು ಶಿವಲಿಂಗವ್ವ ಮೊಮ್ಮಗಳ ಭುಜ ಜಗ್ಗಿದಳು. ಸಮೃದ್ಧಿ ಸ್ಕೂಟಿಯನ್ನು ಸೇತುವೆಯ ಪಕ್ಕ ನಿಲ್ಲಿಸಿದಳು. ಖಾಸಬಾಗದಿಂದ ಹೊರಟು ತಾಸಾಗಿತ್ತು. ಖಾನಾಪುರದ ಈಚೆ ಇರುವ ಅಜ್ಜಿಯ ತವರೂರು ಇನ್ನೇನು ಒಂದು ಮೈಲಿ.

ಎಂ.ಎ. ಓದುವ ಸಮೃದ್ಧಿ ‘ಸೀಮೆ’ ಎಂಬ ಶಬ್ದದ ಮೇಲೆ ಪ್ರಬಂಧ ಬರೆಯುತ್ತಿದ್ದಳು. ಹಳೆಯ ಸೀಮೆಕಲ್ಲಿನ ಫೋಟೋ ಬೇಕು ಅಂದದ್ದೇ ತಡ, ಅಜ್ಜಿ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. ಕಲ್ಲು ನೋಡಲು ಹೋಗುವವರು ಡಬ್ಬಿ ತುಂಬ ಶೇಂಗಾ ಹೋಳಿಗೆ ಯಾಕೆ ಒಯ್ಯಬೇಕೋ!

ಆದರೆ ಸೇತುವೆಯ ಪಕ್ಕ ಇದ್ದ ತವರೂರಿನ ಸೀಮೆಕಲ್ಲು ಈಗ ಅಲ್ಲಿರಲಿಲ್ಲ. ರಸ್ತೆ ಅಗಲ ಮಾಡುವಾಗ ಕಿತ್ತಿದ್ದರು.

ಇಪ್ಪತ್ನಾಲ್ಕು ವರ್ಷದ ಹಿಂದೆ ಅಜ್ಜಿಯ ಅಣ್ಣ ಬಸಯ್ಯ ತನ್ನ ಮಗನಿಗೆ ತಂಗಿಯ ಮಗಳು ಮೇಘಾಳನ್ನು, ಅಂದರೆ ಸಮೃದ್ಧಿಯ ತಾಯಿಯನ್ನು, ಕೇಳಿದ್ದ. ಮೇಘಾ ತಾನು ಮೆಚ್ಚಿದ ಮರಾಠಿ ಹುಡುಗನನ್ನು ಮದುವೆಯಾದಳು. “ತಂಗೀ, ಇನ್ನ ನೀ ನಮ್ಮೂರ ಸೀಮಿ ದಾಟಿದ್ರ ನಾ ಸತ್ತಂಗ. ಬಸವಣ್ಣನ ಆಣಿ!” ಎಂದು ಬಸಯ್ಯ ಇದೇ ಕಲ್ಲಿನ ಮೇಲೆ ಕೈಯಿಟ್ಟು ಹೇಳಿದ. ಅಂದಿನಿಂದ ಶಿವಲಿಂಗವ್ವ ದಾಟಿಲ್ಲ. ಸಿಟ್ಟಿಗಲ್ಲ, ಅಣ್ಣನ ಜೀವಕ್ಕೆ ಹೆದರಿ. ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುವ ಪಂಚಮಿಗೂ ಅವಳು ಖಾಸಬಾಗದಲ್ಲೇ ಉಳಿಯುತ್ತಿದ್ದಳು.

“ಆಯಿ, ಶಾಸನದಾಗ ಸೀಮಿ ಅಂದ್ರ ಗಡಿ. ಆಮ್ಯಾಲ ಗಡಿಯೊಳಗಿನ ನಾಡಿಗೂ ಅದ ಹೆಸರು ಬಂತು. ಈಗ ನಾವೆಲ್ಲಾ ಸೀಮಾಭಾಗದವರು,” ಎಂದಳು ಸಮೃದ್ಧಿ. “ಕಲ್ಲ ಇಲ್ಲಂದ ಮ್ಯಾಲ ಯಾವ ಸೀಮಿ? ನಡಿ ಹೋಗೂಣು.”

“ಕಲ್ಲ ಹೋದ್ರ ಆಣಿ ಹೋಗತೈತೇನ?”

ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಿಂತು, ಅಜ್ಜಿಯ ಮುಖವನ್ನೇ ನೋಡಿದಳು. “ಖಾಸಬಾಗದ ಅತ್ತಿಯಾರ ಅಲ್ರಿ ನೀವು? ಥೇಟ್ ನಮ್ಮ ಮಾವಾರ ಮೂಗು! ನಾ ಸಪ್ನಾ, ಬಸಯ್ಯನವರ ಸೊಸಿ.”

ಅಜ್ಜಿ ಡಬ್ಬಿ ಹಿಡಿದುಕೊಂಡು ಸ್ಕೂಟಿಯಿಂದ ಇಳಿದಳು. ಕಲ್ಲೆಲ್ಲಿ ಎಂದು ಸಮೃದ್ಧಿ ಕೇಳಿದಳು.

“ನಮ್ಮನ್ಯಾಗ ಐತ್ರಿ. ಮೂರು ವರ್ಷದ ಹಿಂದ ಮಾವಾರು ಟ್ರ್ಯಾಕ್ಟರ್‌ನಾಗ ಹಾಕ್ಕೊಂಡು ಬಂದ್ರು.”

“ಬಾಗಲ ಮುಂದ ನೆಟ್ಟಾನೇನ?” ಅಜ್ಜಿಯ ದನಿ ಕುಸಿದಿತ್ತು.

“ಇಲ್ರಿ, ಮನಿ ಹಿಂದ, ಹಿತ್ತಲದಾಗ. ಯಾಕ್ರಿ ಅಂದ್ರ, ‘ಇನ್ನ ನಮ್ಮ ಮನಿ ಸೀಮಿ ಹೊರಗ ಬಂತು. ಬರಾವ್ರು ದಾಟೂ ಕೆಲಸಿಲ್ಲ’ ಅಂದ್ರು. ನಿಮಗ ಹೇಳಿ ಕಳಸ್ರಿ ಅಂದ್ರ ಎದ್ದು ಹೋಗತಾರ. ದಿನಾ ಸಂಜಿಕ ಕಟ್ಟಿ ಮ್ಯಾಲ ಕುಂತು ದಾರಿ ನೋಡತಾರ.”

ಶಿವಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಡಬ್ಬಿಯನ್ನು ಎದೆಗವುಚಿಕೊಂಡು ಸ್ಕೂಟಿ ಹತ್ತಿದಳು.

“ನಡಿ. ಫೋಟೋ ಹಿತ್ತಲಕ್ಕ ಹೋಗಿ ನೀನ ತಕ್ಕೋ. ನಾ ಅಡಗಿಮನಿ ದಾಟಂಗಿಲ್ಲ.”